ಎರಡನೆಯ ಜಾವಳದವರನ್ನು ಹುಡುಕುತ್ತ

ಇದು ಆಗುವ ಕೆಲಸವಲ್ಲ ಎಂದು ಹೇಳಿದವರು ಡಾಕ್ಟರ್ ಹೆಬಸೂರ್. ನಮ್ಮ ಅಧ್ಯಯನದ ಮುಖ್ಯಸ್ಥರು ಅವರೇ. ಚಿಕ್ಕಂದಿನಲ್ಲಿ ಕ್ಯಾನ್ಸರ್ ಆಗಿ, ಉಪಚಾರ ಮುಗಿಸಿ, ಗುಣವಾಗಿ ಮನೆಗೆ ಹೋದ ಮಕ್ಕಳು ದೊಡ್ಡವರಾದ ಮೇಲೆ ಹೇಗಿದ್ದಾರೆ? ಅವರ ಹೃದಯ, ಎಲುಬು, ಕಿವಿ, ಬಸಿರು ಬಾಣಂತನ ಏನಾಗಿವೆ? ಇದನ್ನು ತಿಳಿಯುವುದು ಅಧ್ಯಯನದ ಉದ್ದೇಶ. ಅಂಥವರನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಹುಡುಕುವುದು ನನ್ನ ಕೆಲಸ. ಮೊದಲ ಸಭೆಯಲ್ಲೇ ಅವರು ಚಹಾದ ಕಪ್ಪು ಕೆಳಗಿಟ್ಟು, "ನೋಡಿ ಶಾಂತಾ, ಆ ಕಡೆಯ ಜನ ವಾಪಸ್ ಬರೋದಿಲ್ಲ, ಹುಡುಕಿದರೂ ಸಿಗೋದಿಲ್ಲ. ಸಿಕ್ಕವರನ್ನ ಬರ್ಕೊಳ್ಳಿ. ಉಳಿದವರನ್ನ ಕಳೆದುಹೋದವರು ಅಂತ ಹಾಕೋಣ" ಎಂದರು.

ಆ ಮಾತು ನೆನೆದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಕಳೆದುಹೋಗಲು ಅವರೇನು ಬಸ್ಸಿನಲ್ಲಿ ಮರೆತ ಛತ್ರಿಗಳೇ? ಅವರು ತಮ್ಮ ತಮ್ಮ ಊರಲ್ಲಿ, ತಮ್ಮ ತಮ್ಮ ಮನೆಯಲ್ಲಿ ಇದ್ದರು. ಎಮ್ಮೆ ಹಿಂಡುತ್ತಿದ್ದರು, ಕಬ್ಬು ಕಡಿಯುತ್ತಿದ್ದರು, ಸೀರೆ ಅಂಗಡಿಯಲ್ಲಿ ಕುಳಿತು ಗಿರಾಕಿಗಳನ್ನು ಕರೆಯುತ್ತಿದ್ದರು. ಗುಣವಾದ ದಿನ ಕೈ ಮುಗಿಸಿಕೊಂಡು ಕಳಿಸಿ, ಆಮೇಲೆ ತಿರುಗಿ ನೋಡದವರು ನಾವು. ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆ ಪದವನ್ನು ಬಾಯಿಪಾಠ ಮಾಡುವ ಮೊದಲು ನನ್ನ ಮಾತನ್ನೂ ಒಂದಿಷ್ಟು ಕೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ನಿಪ್ಪಾಣಿಯವಳು. ಅವ್ವ ತಂಬಾಕಿನ ವಖಾರಿಯಲ್ಲಿ ದುಡಿದವಳು. ಹಬ್ಬದ ದಿನ ಹೊಸ ಸೀರೆ ಉಟ್ಟರೂ ಅವಳ ಮೈಯಿಂದ ತಂಬಾಕಿನ ಘಾಟು ಹೋಗುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ತಂದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದು ಪುಕ್ಕಟೆ ಬಂದದ್ದಲ್ಲ. ಸಮಾಜಕಾರ್ಯ ಓದಿ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿದೆ, ಅಲ್ಲಿಂದ ಈ ಅಧ್ಯಯನಕ್ಕೆ ಬಂದೆ. ನನ್ನ ಹುದ್ದೆ, ಬಡ್ತಿಗಳ ಕಥೆ ಇಲ್ಲಿ ಬೇಡ. ಬೇಕೆಂದರೂ ಅದು ಬಹಳ ಉದ್ದವಾಗುವುದಿಲ್ಲ.

ಮೊದಲು ಪ್ರಶ್ನೆಗಳ ವಿಷಯ ಹೇಳುತ್ತೇನೆ. ನಾವು ಕೇಳಬೇಕಾದ ಪ್ರಶ್ನೆಗಳು ಯಾವುದೋ ದೇಶದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕನ್ನಡವಾಗಿ, ನನ್ನ ಕೈಗೆ ಬಂದವು. ಹೃದಯದ ಬಗ್ಗೆ ಇದ್ದ ಪ್ರಶ್ನೆ ಇದು: "ನೀವು ಎರಡು ಮಹಡಿಗಳಷ್ಟು ಮೆಟ್ಟಿಲು ಏರಿದಾಗ ನಿಮಗೆ ಏದುಸಿರು ಉಂಟಾಗುತ್ತದೆಯೇ?" ಯಡೂರಿನಲ್ಲಿ ಹೊಳೆದಂಡೆಯ ಒಂದು ಮನೆಯಲ್ಲಿ ಕುಳಿತು ಇದನ್ನು ಓದಿದೆ. ಉತ್ತರ ಕೊಡಬೇಕಾದ ಹುಡುಗ ನನ್ನ ಮುಖ ನೋಡಿದ. ಪಕ್ಕದಲ್ಲಿ ಶೇಂಗಾ ಬಿಡಿಸುತ್ತಿದ್ದ ಅವನ ಅಜ್ಜಿ ಬಾಯಿ ಹಾಕಿದಳು.

"ಯಾರ ಮನಿ ಮಹಡಿ ಬೇ? ನಮ್ಮ ಓಣ್ಯಾಗ ಮಾಳಗಿ ಮನಿ ಇರೂದು ಗೌಡರದು ಒಂದ. ಅವ್ರು ಇವನ್ನ ಮ್ಯಾಲೆ ಕರೀಲಿ, ಏರಿಸಿ ನೋಡಿ ಹೇಳ್ತೀನಿ."

ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಹಾಳೆಯಲ್ಲಿ 'ಹೌದು' ಇಲ್ಲವೇ 'ಇಲ್ಲ' ಎರಡರಲ್ಲೊಂದು ಹಾಕಲೇಬೇಕಿತ್ತು. ಹುಡುಗ 'ಇಲ್ಲ' ಅಂದ. ಮಹಡಿ ಇಲ್ಲದ ಊರುಗಳಲ್ಲಿ ಎಲ್ಲರೂ 'ಇಲ್ಲ' ಅಂದರು. ಆ ವರ್ಷದ ವರದಿಯಲ್ಲಿ ಈ ಭಾಗದವರ ಹೃದಯ ಗಟ್ಟಿಯಾಗಿದೆ ಎಂದು ಬಂತು. ಅದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡಾಕ್ಟರ್ ಹೆಬಸೂರರಿಗೆ ಫೋನು ಮಾಡಿದೆ.

"ಪ್ರಶ್ನೆ ಬದಲಾಯಿಸೋ ಹಾಗಿಲ್ಲ ಶಾಂತಾ. ಬೇರೆ ದೇಶದವರ ಉತ್ತರಗಳ ಜೊತೆ ಹೋಲಿಸಬೇಕು."

"ಹೋಲಿಸ್ರಿ ಸರ್. ಆದ್ರ ಇವರು ಉತ್ತರಾನ ಕೊಟ್ಟಿಲ್ಲ. ನಮ್ಮ ಮ್ಯಾಲೆ ದಯಾ ತೋರ್ಸಿ 'ಇಲ್ಲ' ಅಂದಾರ."

ಅವರು ಒಪ್ಪಲು ಬಹಳ ಕಾಲ ಹಿಡಿಯಿತು. ಕೊನೆಗೆ ಹಳೆಯ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಅದರ ಕೆಳಗೆ ಇನ್ನೊಂದು ಸೇರಿಸಿದೆವು: ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರಿಗೆ ಇಟ್ಟ ಹಲಗೆ ಏರುವಾಗ, ಇಲ್ಲವೇ ತುಂಬಿದ ಕೊಡ ಹೊತ್ತು ಬರುವಾಗ, ಉಸಿರಿಗಾಗಿ ನಡುವೆ ನಿಲ್ಲಬೇಕಾಗುತ್ತದೆಯೇ? ಅದನ್ನೇ ಅವರ ಒಡಹುಟ್ಟಿದವರಿಗೂ ಕೇಳಿದೆವು. ಒಂದೇ ಒಲೆಯ ರೊಟ್ಟಿ ತಿಂದು ಒಂದೇ ಹೊಲದಲ್ಲಿ ದುಡಿದ ಅಣ್ಣ ತಂಗಿಯರ ಜೊತೆ ಹೋಲಿಸಿದರೆ ತಾನೇ, ಈ ಸುಸ್ತು ಹಳೆಯ ಔಷಧದ್ದೋ, ಹೊಟ್ಟೆಗೆ ಸಾಲದ್ದೋ ಗೊತ್ತಾಗುವುದು? ಹಾಗೆ ಕೇಳತೊಡಗಿದ ಮೇಲೆ 'ಹೌದು'ಗಳು ಬರಲು ಶುರುವಾದವು.

ಎರಡನೆಯದು ಜೀಪು. ಹಾರೂಗೇರಿಯಲ್ಲಿ ಒಬ್ಬ ಹುಡುಗಿಯ ಮನೆಯ ಮುಂದೆ ನಮ್ಮ ಜೀಪು ನಿಂತಿತು. ಬಾಗಿಲಿನ ಮೇಲೆ ಎರಡೂ ಕಡೆ ದೊಡ್ಡ ಅಕ್ಷರದಲ್ಲಿ ರೋಗದ ಹೆಸರು, ಅದರ ಪಕ್ಕ ಏಡಿಯ ಚಿತ್ರ. ಅದೇ ವಾರ ಆ ಹುಡುಗಿಗೆ ಮದುವೆ ನಿಶ್ಚಯವಾಗಬೇಕಿತ್ತು. ಆಗಲಿಲ್ಲ. ಅವಳ ತಂದೆ ನನ್ನನ್ನು ಬೈಯಲೂ ಇಲ್ಲ. "ನೀವು ಒಳ್ಳೇದ ಮಾಡಾಕ ಬಂದಿದ್ರಿ ಬಾಯಾರ, ಆದ್ರ ಡಂಗುರ ಯಾಕ ತಂದ್ರಿ?" ಎಂದು ಕೇಳಿ ಒಳಗೆ ಹೋದರು. ಜೀಪಿನ ಬಣ್ಣ ಅಳಿಸಿ ಎಂದು ಪತ್ರ ಬರೆದೆ. ಹಣ ಕೊಟ್ಟವರಿಗೆ ಹೆಸರು ಕಾಣಬೇಕು ಎಂಬ ಉತ್ತರ ಬಂತು. ಅಂದಿನಿಂದ ನಾನು ಆ ಜೀಪು ಹತ್ತಲಿಲ್ಲ; ಕೆಂಪು ಬಸ್ಸು, ಅದು ತಪ್ಪಿದರೆ ಟಂಟಂ ಆಟೋ. ಪ್ರಯಾಣ ಭತ್ಯೆಯಲ್ಲಿ ಕೊಕ್ಕೆ ಹಾಕಿದರು, ಹಾಕಿಕೊಳ್ಳಲಿ ಎಂದು ಬಿಟ್ಟೆ.

ಮೂರನೆಯದು ಸತ್ತವರ ಲೆಕ್ಕ. ನನಗೆ ನಿದ್ದೆ ಕೆಡಿಸಿದ್ದು ಅದೇ. ನಾನು ಸೇರುವ ಮೊದಲು ಮನೆಮನೆಗೆ ಹೋಗುವ ಕೆಲಸವನ್ನು ಒಂದು ಗುತ್ತಿಗೆ ಏಜೆನ್ಸಿಯ ಹುಡುಗರಿಗೆ ಕೊಟ್ಟಿದ್ದರು. ಅವರು ತಂದ ಮಾಹಿತಿಯಲ್ಲಿ ನಮ್ಮ ಐದು ತಾಲೂಕಿನವರು ಬಹಳ ಮಂದಿ 'ಮೃತ'. ಗುಣವಾಗಿ, ಮೈ ಕೈ ತುಂಬಿಕೊಂಡು ಮನೆಗೆ ಹೋದ ಮಕ್ಕಳು ಇಷ್ಟೊಂದು ಜನ ಹೇಗೆ ಸತ್ತರು? ಹಿಂದುಳಿದ ಪ್ರದೇಶ, ನಿರ್ಲಕ್ಷ್ಯ, ಮೂಢನಂಬಿಕೆ ಎಂದೆಲ್ಲ ಡಾಕ್ಟರ್ ಹೆಬಸೂರ್ ಭಾಷಣ ಮಾಡಿದರು. ಅದರ ಬಗ್ಗೆ ಒಂದು ಲೇಖನವನ್ನೂ ಬರೆಯಲು ಕುಳಿತಿದ್ದರು.

ಆ ಗಂಟು ಬಿಚ್ಚಿದ್ದು ಮಂಗಸೂಳಿಯಲ್ಲಿ. ಪಕ್ಕದ ಮನೆಯ ಕಾಶೀಬಾಯಿ ಮೊಮ್ಮಗನ ಜಾವಳಕ್ಕೆಂದು ಮಲ್ಲಯ್ಯನ ಗುಡಿಗೆ ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದಳು. ನಮ್ಮದು ಬೌದ್ಧರ ಮನೆ, ನಮ್ಮಲ್ಲಿ ಜಾವಳದ ಪದ್ಧತಿ ಇಲ್ಲ. ಕೂಸಿನ ಮೊದಲ ಕೂದಲನ್ನು ದೇವರಿಗೆ ಕೊಡುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಸಾಲಾಗಿ ತಾಯಂದಿರು, ಅವರ ತೊಡೆಯ ಮೇಲೆ ಕಿರುಚುವ ಕೂಸುಗಳು. ಆ ಸಾಲಿನ ನಡುವೆ ಹತ್ತು ವರ್ಷದ ಒಬ್ಬ ಹುಡುಗ ಹಲ್ಲು ಕಿಸಿದು ಕುಳಿತಿದ್ದ. ಕ್ಷೌರ ಮಾಡುವವನು ಅವನ ಕೆನ್ನೆ ತಟ್ಟಿದ.

"ಏನಲೇ, ಮೀಸಿ ಬರೂ ಹೊತ್ತಿನ್ಯಾಗ ಜಾವಳಕ್ಕ ಬಂದೀಯಲ್ಲ!"

"ಎರಡನೇದ್ರಿ ಮಾಮಾ," ಎಂದಳು ಅವನ ತಾಯಿ. "ಮೊದಲಿನ ಕೂದಲಾ ಪೂರಾ ಉದರಿದ್ವು. ಇವು ದೇವ್ರು ತಿರುಗಿ ಕೊಟ್ಟಾವು, ದೇವ್ರಿಗೇ ಕೊಡಾಕತ್ತೇವಿ."

ನನ್ನ ಕಿವಿ ನೆಟ್ಟಗಾಯಿತು. ಕೂದಲೆಲ್ಲ ಉದುರಿ, ವರ್ಷದ ಮೇಲೆ ತಿರುಗಿ ಬೆಳೆಯುವುದು ಯಾವ ಮಕ್ಕಳಿಗೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೋಳು ತಲೆಗೆ ಭಂಡಾರದ ಅರಿಸಿನ ಹಚ್ಚಿ, ಪೂಜಾರಿ ಹುಡುಗನ ಕಿವಿಯಲ್ಲಿ ಏನೋ ಹೇಳಿದರು. ಹೊಸ ಹೆಸರು ಇಟ್ಟರು ಎಂದಳು ಕಾಶೀಬಾಯಿ. ನಾನು ಆ ತಾಯಿಯ ಹತ್ತಿರ ಹೋಗಿ ಮೊದಲಿನ ಹೆಸರು ಏನಿತ್ತು ಎಂದು ಕೇಳಿದೆ. ಅವಳು ಗಾಬರಿಯಾಗಿ ಮಗನ ಕಿವಿ ಮುಚ್ಚಿದಳು.

"ಅದನ್ನ ಎತ್ತಬ್ಯಾಡ್ರಿ ಬಾಯಾರ. ಆ ಹೆಸರಿನಾಂವ ಸತ್ತಾ. ಬ್ಯಾನಿ ಅವನ ಜೋಡೀನ ಹೋತು. ಇಂವ ಬ್ಯಾರೆ."

ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಏಜೆನ್ಸಿಯ ಹುಡುಗರು ಆಸ್ಪತ್ರೆಯಲ್ಲಿದ್ದ ಹಳೆಯ ಹೆಸರು ಹಿಡಿದು ಓಣಿಯಲ್ಲಿ ನಿಂತು ಕೂಗಿದ್ದಾರೆ. ಹಳೆಯ ಹೆಸರು ಕರೆದರೆ ಬೇನೆ ಎದ್ದು ಬರುತ್ತದೆ ಎಂದು ನಂಬಿದ ತಾಯಂದಿರು "ಆ ಹೆಸರಿನಾಕಿ ಸತ್ತಾಳ್ರಿ" ಎಂದು ಬಾಗಿಲು ಹಾಕಿದ್ದಾರೆ. ಹುಡುಗರು 'ಮೃತ' ಎಂದು ಗುರುತು ಹಾಕಿ ಮುಂದಿನ ಮನೆಗೆ ಹೋಗಿದ್ದಾರೆ. ಒಳಗೆ ಆ ಮಗು ಕುಳಿತು ಊಟ ಮಾಡುತ್ತಿತ್ತು. ಒಂದು ಲೋಟ ನೀರು ಕೇಳಿ ಕಟ್ಟೆಯ ಮೇಲೆ ಕುಳಿತಿದ್ದರೂ ಸತ್ಯ ಕಣ್ಣಿಗೆ ಬೀಳುತ್ತಿತ್ತು. ಕುಳಿತುಕೊಳ್ಳುವುದಕ್ಕೆ ಏಜೆನ್ಸಿ ಅವರಿಗೆ ದುಡ್ಡು ಕೊಡುತ್ತಿರಲಿಲ್ಲ. ಮನೆಗಿಷ್ಟು ಎಂದು ಕೊಡುತ್ತಿತ್ತು.

ಡಾಕ್ಟರ್ ಹೆಬಸೂರರಿಗೆ ಇದನ್ನು ಹೇಳಿದಾಗ ಅವರು ನಕ್ಕರು. "ಕೂದಲು ತೆಗೆಸಿಕೊಂಡವರನ್ನ ಹುಡುಕಿದೆವು ಅಂತ ನಾನು ಸಂಶೋಧನಾ ವಿಧಾನದಲ್ಲಿ ಬರೀಲಾ? ನೀವು ಮಾಹಿತಿ ತನ್ನಿ. ಅರ್ಥ ಮಾಡೋ ಕೆಲಸ ನಮಗೆ ಬಿಡಿ."

ನಾನು ಬಿಡಲಿಲ್ಲ. ಹಿಟ್ಟಿನ ಗಿರಣಿ, ಅಂಗನವಾಡಿ, ಬಸ್ ಸ್ಟ್ಯಾಂಡಿನ ಕಟ್ಟೆ, ಹೆಂಗಸರು ಸೇರುವಲ್ಲೆಲ್ಲ ಒಂದೇ ಮಾತು ಕೇಳಿದೆ: "ನಿಮ್ಮೂರಾಗ ಯಾರರ ದೊಡ್ಡಾವ್ರಾದ ಮ್ಯಾಲೆ ಎರಡನೇ ಜಾವಳಾ ಮಾಡಿಸ್ಯಾರೇನ್ರಿ?" ರೋಗದ ಹೆಸರಿಲ್ಲ, ಹಳೆಯ ಹೆಸರಿಲ್ಲ. ಜನ ಖುಷಿಯಿಂದ ಹೇಳುತ್ತಿದ್ದರು. ದೇವರ ಕೆಲಸದಲ್ಲಿ ಮುಚ್ಚಿಡುವುದೇನಿದೆ? ವಿಷಮಜ್ವರ ಬಂದು ಹರಕೆ ಹೊತ್ತವರೂ ಸಿಕ್ಕರು. ಒಬ್ಬ ಹೆಂಗಸಂತೂ, "ನನ್ನ ಮಗಳಿಗೆ ಹೇನ ಆಗಿದ್ವು ಅಂತ ಬೋಳಿಸೇನ್ರಿ, ಅದನ್ನೂ ಬರ್ಕೋರಿ, ಪುಣ್ಯಾ ಬರತೈತಿ," ಎಂದು ಗಿರಣಿಯಲ್ಲಿದ್ದವರನ್ನೆಲ್ಲ ನಗಿಸಿದಳು.

ಹೊಸಬರಿಗೆ ಒಂದು ಎಚ್ಚರಿಕೆ. ಈ ದಾರಿಯಲ್ಲಿ ಸಿಗುವವರು ಗುಡಿಗೆ ಹೋಗುವವರು ಮಾತ್ರ. ನಮ್ಮಂಥ ಬೌದ್ಧರ ಮನೆಗಳಲ್ಲಿ, ಮುಸ್ಲಿಮರ ಮನೆಗಳಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಶಾಲೆಯ ಮಾಸ್ತರರನ್ನು ಹಿಡಿದು, ಬೇನೆ ಬಿದ್ದು ಒಂದು ವರ್ಷ ಶಾಲೆ ಬಿಟ್ಟು ತಿರುಗಿ ಬಂದ ಮಕ್ಕಳು ಯಾರು ಎಂದು ಕೇಳಬೇಕಾಯಿತು. ಒಂದೇ ಬಾಗಿಲಿನಿಂದ ನೋಡಿ ಇಡೀ ಮನೆ ನೋಡಿದೆ ಎನ್ನಬೇಡಿ.

ಹೀಗೆ ಸಿಕ್ಕವಳು ಮಾಳವ್ವ. ಆಸ್ಪತ್ರೆಯ ದಾಖಲೆಯಲ್ಲಿ ಅವಳ ಹೆಸರು ಸುನೀತಾ. ಕಾಗವಾಡದ ಹತ್ತಿರದ ಹಳ್ಳಿಯವಳು; ತಂದೆ ಪರಸಪ್ಪ ಕುರಿ ಕಾಯುವವರು. ಒಂಬತ್ತನೆಯ ವಯಸ್ಸಿನಲ್ಲಿ ಕೊರಳಲ್ಲಿ, ಎದೆಯಲ್ಲಿ ಗಂಟುಗಳಾಗಿ, ಜನ ಕೆಂಪು ಔಷಧ ಎನ್ನುವ ಇಂಜೆಕ್ಷನ್ನೂ, ಕರೆಂಟ್ ಎನ್ನುವ ವಿಕಿರಣವೂ ಆಗಿ ಗುಣವಾಗಿದ್ದಳು. ಆ ಎರಡೂ ಜೀವ ಉಳಿಸುತ್ತವೆ; ಆದರೆ ಕೆಲವರಿಗೆ ಎಷ್ಟೋ ವರ್ಷಗಳ ಮೇಲೆ ಹೃದಯವನ್ನು ಸೋಲಿಸುತ್ತವೆ. ಬಸಿರಿನಲ್ಲಿ ಅಪಾಯ ಹೆಚ್ಚು. ನಮ್ಮ ಅಧ್ಯಯನ ಇದ್ದದ್ದೇ ಇಂಥದ್ದನ್ನು ತಿಳಿಯಲು.

ಅವಳನ್ನು ಅಥಣಿಯ ಕಡೆ ಕೊಟ್ಟಿದ್ದರು. ಪಂಚಮಿಗೆ ತವರಿಗೆ ಬಂದಿದ್ದಾಗ ನಾನು ಹೋದೆ. ಐದು ತಿಂಗಳ ಬಸುರಿ. ನಳದಿಂದ ಒಂದೇ ಕೊಡ ಹೊತ್ತು ಬರುವಾಗ ನಡುವೆ ಗೋಡೆ ಹಿಡಿದು ನಿಂತಳು. ಒಳಗೆ ಬಂದು ಚಹಾ ಕೊಟ್ಟು ನನ್ನ ಎದುರು ಕುಳಿತ ಮೇಲೂ ಅವಳ ಉಸಿರು ಇಳಿದಿರಲಿಲ್ಲ.

"ಬಸುರಾಗ ಎಲ್ಲಾರಿಗೂ ಹಿಂಗ ಆಗತೈತಿ ಅಂತಾರ್ರಿ ನಮ್ಮತ್ತಿ," ಎಂದಳು.

"ಅತ್ತೀಗೆ ಆವಾಗಿನ ಬ್ಯಾನಿ ಗೊತ್ತೈತೇನವ್ವಾ?"

ಅವಳ ತಾಯಿ ಒಲೆಯ ಮುಂದಿನಿಂದಲೇ ಉತ್ತರಿಸಿದಳು. "ಕೈ ಮುಗೀತೀನ್ರಿ ಅಕ್ಕಾರ, ಒಂದ ಅಕ್ಷರಾ ಅಲ್ಲಿ ಹೋಗಬಾರದು."

ಹೊರಗೆ ಬಂದು ಡಾಕ್ಟರ್ ಹೆಬಸೂರರಿಗೆ ಫೋನು ಮಾಡಿದೆ. ಹೃದಯದ ತಪಾಸಣೆ ಈಗಲೇ ಆಗಬೇಕು, ಅದಕ್ಕಿಂತ ಮೊದಲು ಅವಳಿಗೆ ವಿಷಯ ತಿಳಿಸಬೇಕು ಎಂದೆ.

"ನಮ್ಮದು ಅಧ್ಯಯನ ಶಾಂತಾ, ಚಿಕಿತ್ಸೆ ಅಲ್ಲ. ಒಬ್ಬರಿಗೆ ಹೇಳಿ ಮಧ್ಯೆ ಕೈ ಹಾಕಿದ್ರೆ ಮಾಹಿತಿ ಕೆಡುತ್ತೆ."

"ಆಕಿ ಸತ್ರ ಕೆಡೂದಿಲ್ಲೇನ್ರಿ ಸರ್?"

ಅತ್ತ ಕಂಪ್ಯೂಟರಿನ ಕೀಲಿಗಳ ಸದ್ದು ಕೇಳಿತು. "ಸುನೀತಾ ಅಲ್ವಾ? ಆಕೆ ನಮ್ಮಲ್ಲಿ ಮೃತ ಅಂತಿದೆ."

"ಹಂಗಾದ್ರ ಈಗ ನನಗ ಚಾ ಕೊಟ್ಟಾಕಿ ಯಾರ್ರಿ?"

ಫೋನು ಇಟ್ಟು ಒಳಗೆ ಹೋದೆ. ಮಾಳವ್ವನಿಗೆ ಎಲ್ಲವನ್ನೂ ಹೇಳಿದೆ: ಏನು ಕೊಟ್ಟಿದ್ದರು, ಅದರಿಂದ ಈಗ ಏನಾಗಿರಬಹುದು, ಏನೂ ಆಗದೆಯೂ ಇರಬಹುದು, ನೋಡದೆ ಬಿಟ್ಟರೆ ಹೆರಿಗೆಯಲ್ಲಿ ಏನಾಗಬಹುದು. ಅವಳು ಅಳಲಿಲ್ಲ. "ಹೇಳಿದ್ರ ಮನಿ ಹೋಗತೈತಿ, ಹೇಳದಿದ್ರ ಜೀವಾ. ನೀವಾದ್ರ ಏನ ಮಾಡತಿದ್ರಿ ಅಕ್ಕಾ?"

"ನನಗ ಗೊತ್ತಿಲ್ಲವ್ವಾ. ನೀ ಏನ ಮಾಡ್ತಿ ಅಂತೀಯೋ ಅದಕ್ಕ ನಾ ಜೋಡಿ ನಿಂದರ್ತೀನಿ."

ಸಂಜೆ ಅವಳೇ ಗಂಡನಿಗೆ ಫೋನು ಮಾಡಿ ಹೇಳಿದಳು. ಸುರೇಶ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರ್. ಮರುದಿನ ಅವನು ಬಂದ, ಜೊತೆಗೆ ಅವನ ತಾಯಿ ಸತ್ಯವ್ವನೂ ಬಂದಳು. ಅವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ನಾಕ ವರ್ಷ ಆತು, ಈ ಹುಡುಗಿ ನನ್ನ ಮನ್ಯಾಗ ಕೊಡಾ ಹೊತ್ತಾಳ, ಹೊರಿ ಹೊತ್ತಾಳ. ಹಿಂಗೈತಿ ಅಂತ ಒಂದ ಮಾತ ಅಂದಿದ್ರ ನಾ ಹೊರಸ್ತಿದ್ನೇನ? ನನ್ನ ಕೈಲೆ ಆಕೀನ ಕೊಲ್ಲಸಾಕ ನಿಂತಿದ್ರೇನ ನೀವು?"

"ಹೇಳಿದ್ರ ನೀವು ಮಾಡ್ಕೋತಿದ್ರೇನ್ರಿ ಬೀಗತ್ಯಾರ?" ಎಂದಳು ಮಾಳವ್ವನ ತಾಯಿ, ತಲೆ ಎತ್ತದೆ.

ಸತ್ಯವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಇಲ್ಲ. ಖರೇ ಹೇಳ್ತೀನಿ, ಮಾಡ್ಕೋತಿರಲಿಲ್ಲ. ಆದ್ರ ಈಗ ಮಾಡ್ಕೊಂಡೇನಿ. ಏಳಬೇ, ಸೀರಿ ಉಡು, ದವಾಖಾನಿಗೆ ಹೋಗೂಣು."

ಮನೆಯ ಜಗಳ ಅಷ್ಟು ಬೇಗ ಮುಗಿಯಿತು. ಆಸ್ಪತ್ರೆಯ ಜಗಳ ಎರಡು ತಿಂಗಳು ನಡೆಯಿತು. ಅಥಣಿಯ ಡಾಕ್ಟರು ಪರೀಕ್ಷಿಸಿ, ರಕ್ತ ಕಡಿಮೆ ಇದೆ, ಅದಕ್ಕೇ ದಮ್ಮು ಎಂದರು. ಹಳೆಯ ಉಪಚಾರದ ಮಾತು ಹೇಳಿದಾಗ, ಯಾವ ಔಷಧ, ಎಷ್ಟು ಕೊಟ್ಟರು, ವಿಕಿರಣ ಎಲ್ಲಿಗೆ ಬಿತ್ತು ಎಂಬ ಪ್ರಮಾಣಪತ್ರ ತನ್ನಿ, ಅದಿಲ್ಲದೆ ನಾನು ಹೆರಿಗೆಯ ಜವಾಬ್ದಾರಿ ಹೇಗೆ ತೆಗೆದುಕೊಳ್ಳಲಿ ಎಂದರು. ಅವರ ಮಾತು ಸರಿ. ಚಿಕ್ಕಂದಿನಲ್ಲಿ ಅವಳಿಗೆ ಉಪಚಾರ ಮಾಡಿದ ದೊಡ್ಡ ಆಸ್ಪತ್ರೆಯ ಕಚೇರಿಯೇ ಅದನ್ನು ಕೊಡಬೇಕಿತ್ತು. ಅಲ್ಲಿ ಗುಮಾಸ್ತ ಕಂಪ್ಯೂಟರ್ ನೋಡಿ, ಸುನೀತಾ ತೀರಿಕೊಂಡಿದ್ದಾರೆ, ಮಾಳವ್ವ ಎಂಬ ರೋಗಿ ನಮ್ಮಲ್ಲಿ ಇಲ್ಲ ಎಂದ. ಬಸುರಿ ಹೆಂಗಸು ಅವನ ಎದುರಿಗೇ ಬೆಂಚಿನ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದಳು. ನಮ್ಮ ಅಧ್ಯಯನದ ಒಂದು ತಪ್ಪು ಗುರುತು ಆಸ್ಪತ್ರೆಯ ದಾಖಲೆಗೂ ಹೋಗಿ ಕುಳಿತಿತ್ತು. ಸತ್ತವರಿಗೆ ಪ್ರಮಾಣಪತ್ರ ಕೊಡಲು ಬರುವುದಿಲ್ಲ, ಬದುಕಿದವರಿಗೆ ದಾಖಲೆ ಇಲ್ಲ. ನನ್ನ ಜೀವಮಾನದಲ್ಲಿ ನಾನು ಕಚೇರಿಯಲ್ಲಿ ಕೂಗಾಡಿದ್ದು ಅದೊಂದೇ ಸಲ. ಇನ್ನಷ್ಟು ಕೂಗಾಡಬೇಕಿತ್ತು.

ಸುನೀತಾ, ಮಾಳವ್ವ ಇಬ್ಬರೂ ಒಬ್ಬಳೇ ಎಂದು ತಂದೆ ಅಫಿಡವಿಟ್ ಕೊಡಬೇಕು ಎಂದರು. ಅಥಣಿಯ ಕೋರ್ಟಿನ ಹೊರಗೆ ಮರದ ಕೆಳಗೆ ಟೈಪ್ ಮಾಡುವವನ ಮುಂದೆ ಪರಸಪ್ಪನವರನ್ನು ಕೂರಿಸಿದೆ. ಯಾವ ರೋಗ ಎಂದು ಅವನು ಕೇಳಿದ.

"ದೊಡ್ಡ ಬ್ಯಾನಿ."

"ದೊಡ್ಡ ಬ್ಯಾನಿ ಅಂತ ಟೈಪ್ ಮಾಡಾಕ ಬರೂದಿಲ್ಲೋ ಯಜಮಾನ. ಹೆಸರ ಹೇಳು."

ಪರಸಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಗಳ ಕಡೆ ನೋಡಿದರು. ಇಷ್ಟು ವರ್ಷ ಅವರ ಬಾಯಿಂದ ಆ ಹೆಸರು ಹೊರಟಿರಲಿಲ್ಲ. "ಕ್ಯಾನ್ಸರ್," ಎಂದರು. "ನನ್ನ ಮಗಳು ಸುನೀತಾಗ ಕ್ಯಾನ್ಸರ್ ಆಗಿತ್ತು." ಹಳೆಯ ಹೆಸರನ್ನೂ ಹೇಳಿಬಿಟ್ಟಿದ್ದರು. ಮಾಳವ್ವ ಹೋಗಿ ಅವರ ಪಕ್ಕ ಕುಳಿತಳು.

ಅಷ್ಟರಲ್ಲಿ ನಾನು, ಅಧ್ಯಯನದಿಂದ ಜನರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ನೀತಿ ಸಮಿತಿಗೆ ನೇರವಾಗಿ ಬರೆದಿದ್ದೆ. ನನ್ನ ಮೇಲಿನವರನ್ನು ದಾಟಿ ಬರೆದದ್ದಕ್ಕೆ ಕಾರಣ ಕೇಳಿ ನೋಟೀಸು ಬಂತು. ಬರಲಿ. ಅಪಾಯ ಗೊತ್ತಾದರೆ ಅದನ್ನು ಆ ವ್ಯಕ್ತಿಗೆ ತಿಳಿಸಲೇಬೇಕು, 'ಮೃತ' ಎಂದಿರುವ ಪ್ರತಿ ಹೆಸರನ್ನೂ ತಿರುಗಿ ಪರಿಶೀಲಿಸಬೇಕು ಎಂದು ಸಮಿತಿ ಹೇಳಿತು. ಡಾಕ್ಟರ್ ಹೆಬಸೂರ್ ತಮ್ಮ ಲೇಖನ ನಿಲ್ಲಿಸಿದರು. ಈಗ ಹೊಸಬರಿಗೆ ತರಬೇತಿಯಲ್ಲಿ ಮನೆಯೊಳಗೆ ಕುಳಿತು ಮಾತಾಡಿ ಬರೆಯಿರಿ ಎಂದು ಕಲಿಸುತ್ತಾರಂತೆ. ಕಲಿಸಲಿ. ಆದರೆ ಅದು ಯಾರ ಏದುಸಿರಿನಿಂದ ಬಂದ ಪಾಠ ಎಂದೂ ಹೇಳಲಿ.

ಮಾಳವ್ವನಿಗೆ ಏಳು ತಿಂಗಳಾದಾಗ ಕಡೆಗೂ ಆ ದೊಡ್ಡ ಆಸ್ಪತ್ರೆಯವರು ಬನ್ನಿ ಎಂದರು. ಬೆಳಿಗ್ಗೆ ಹೃದಯದ ಎಕೋ ಸ್ಕ್ಯಾನ್ ಮಾಡಿದರು. ಹೃದಯ ಸೋತಿತ್ತು, ಆದರೆ ಕೈ ಮೀರಿರಲಿಲ್ಲ. ಮಾತ್ರೆಗಳು ಶುರುವಾದವು, ಹೆರಿಗೆ ಇಲ್ಲೇ ಆಗಲಿ ಎಂದು ಒಪ್ಪಿಕೊಂಡರು. ಮುಂದೆ ಹೆರಿಗೆ ಅಲ್ಲೇ ಆಯಿತು. ತಾಯಿ ಮಗಳಿಬ್ಬರೂ ಚೆನ್ನಾಗಿದ್ದಾರೆ. ನಾನು ಬರೆಯಬೇಕೆಂದದ್ದು ಎಕೋ ಆದ ಆ ದಿನದ ಮಧ್ಯಾಹ್ನದ ಮಾತು. ಡಾಕ್ಟರ್ ಹೆಬಸೂರ್ ತಾವೇ ಬಂದು, ಎರಡೂ ಹೆಸರು ಹಾಕಿ ಸಹಿ ಮಾಡಿದ ಪ್ರಮಾಣಪತ್ರವನ್ನು ಮಾಳವ್ವನ ಕೈಗೆ ಕೊಟ್ಟರು. ಅವಳು ಅದನ್ನು ಅತ್ತೆಗೆ ಕೊಟ್ಟಳು. ಸತ್ಯವ್ವನಿಗೆ ಓದಲು ಬರುವುದಿಲ್ಲ; ಮಗನಿಂದ ಗಟ್ಟಿಯಾಗಿ ಓದಿಸಿದಳು. ರೋಗದ ಹೆಸರು, ಔಷಧಗಳ ಹೆಸರು, ಅವುಗಳ ಪ್ರಮಾಣ, ವಿಕಿರಣ, ಮುಂದೆ ಎ‌ಚ್ಚರಿಕೆಯಿಂದ ನೋಡಿಕೊಳ್ಳಬೇಕಾದ ತೊಂದರೆಗಳು. ಸುರೇಶ ತಡವರಿಸುತ್ತ ಕೊನೆಯವರೆಗೂ ಓದಿದ.

"ಮುಗೀತೇನ?" ಎಂದಳು.

"ಮುಗೀತಬೇ."

ಅವಳು ಹಾಳೆಯನ್ನು ತಿರುಗಿಸಿ ಹಿಂದಿನ ಬದಿಯನ್ನೂ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ಯಾವ ಬ್ಯಾನಿ, ಏನ ಕೊಟ್ಟೀರಿ, ಮುಂದ ಏನೇನ ಕೆಡತೈತಿ, ಎಲ್ಲಾ ಬರದೀರಿ ಡಾಕ್ಟರ್ರ," ಎಂದಳು ಸತ್ಯವ್ವ. "ನನ್ನ ಸೊಸಿ ಬದುಕ್ಯಾಳ ಅಂತ ಎಲ್ಲಿ ಬರದೀರಿ?"